ಮೂರನೆಯ ಕೂಗಿನ ಅನಂತರ

ಕಳೆದ ವಾರ ನಮ್ಮ ಶಾಲೆಯ ವಿಳಾಸಕ್ಕೆ ಹೊರದೇಶದಿಂದ ಒಂದು ಕಾಗದ ಬಂದಿತು. ಅಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದು ಬರೆದುದು. ಮೈಸೂರಿನಿಂದ ಸಾಂಪ್ರದಾಯಿಕ ಚಿತ್ರಗಳನ್ನೂ ಬೀಟೆ ಮರದ ಇನ್‌ಲೇ ಹಲಗೆಗಳನ್ನೂ ತರಿಸಿಕೊಂಡು, ಔತಣವೊಂದರ ಕೊನೆಗೆ ಅವನ್ನು ಹರಾಜು ಹಾಕಿ, ಬಂದ ಹಣದಲ್ಲಿ ಅರ್ಧವನ್ನು ಆಫ್ರಿಕದ ಹಳ್ಳಿಗಳಲ್ಲಿ ಬಾವಿ ತೋಡಿಸುವುದಕ್ಕೂ ಉಳಿದರ್ಧವನ್ನು ಕಿವಿ ಕೇಳದ ಮಕ್ಕಳ ನಮ್ಮ ಪುಟ್ಟ ಶಾಲೆಗೂ ಕೊಡಬೇಕೆಂಬುದು ಅವರ ಸಂಕಲ್ಪ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದಂದಿನಿಂದ ನಾನು ಈ ಶಾಲೆಯ ಗೌರವ ಖಜಾಂಚಿ. ಕಾಗದವನ್ನು ಓದಿ ಸಮಿತಿಯ ಮಿತ್ರರೆಲ್ಲ ಹಿಗ್ಗಿದರು. ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದರ ಕಾರಣವನ್ನು ಸಮಿತಿಗೆ ಹೇಳಿದ್ದೇನೆ, ವಾಚಕರಿಗೂ ಹೇಳಬೇಕೆನಿಸಿದೆ. ಏಕೆಂದರೆ ಇದೀಗ ಲೋಕದ ನಾನಾ ಕಡೆಗಳಲ್ಲಿ ಪರೋಪಕಾರವೆಂಬುದು ಹರಾಜಿನ ಸುತ್ತಿಗೆಯ ಸದ್ದಿನೊಡನೆ ನಡೆಯತೊಡಗಿದೆ. ದೇಶದ ಪ್ರಧಾನಮಂತ್ರಿಗಳಿಗೆ ಬಂದ ಕಾಣಿಕೆಗಳೂ 2019ರಿಂದ ಹರಾಜಾಗುತ್ತಿವೆ. ಆ ಹಣ ಗಂಗಾನದಿಯ ಶುದ್ಧೀಕರಣದ ಯೋಜನೆಗೆ ಸಲ್ಲುತ್ತದೆ.

ಹರಾಜು ಎಂಬುದು ಅರಬ್ಬೀ ಮೂಲದ ಮಾತು. ಕರಾವಳಿಯವರ ಏಲಂ, ಬಡಗಣ ಸೀಮೆಯವರ ಲಿಲಾವು, ಇವೆರಡೂ ಪೋರ್ಚುಗೀಸರ ಒಂದೇ ಶಬ್ದದ ಸಂತಾನ. ಶಬ್ದ ಎಲ್ಲಿಯದಾದರೇನು, ಕೆಲಸ ನಮಗೆ ಹೊಸದಲ್ಲ. ಹುಣಸೂರು ಪಿರಿಯಾಪಟ್ಟಣಗಳ ತಂಬಾಕಿನ ಕಟ್ಟೆಯಲ್ಲಿ ರೈತನ ವರ್ಷದ ಬೆವರು ಹರಾಜಿನಲ್ಲಿಯೇ ಬೆಲೆ ಕಾಣುತ್ತದೆ. ಆದರೆ ನಾನು ಮೊದಲು ಕಂಡ ಹರಾಜು ಮಾರುಕಟ್ಟೆಯದಲ್ಲ. ತಂದೆಯವರ ಸ್ನೇಹಿತರೊಬ್ಬರು ಕ್ರೈಸ್ತರು. ಬಾಲಕನಾಗಿದ್ದ ನನ್ನನ್ನು ಅವರು ತಮ್ಮ ಚರ್ಚಿನ ಸುಗ್ಗಿಯ ಹಬ್ಬಕ್ಕೆ ಕರೆದೊಯ್ದಿದ್ದರು. ಸಭಿಕರು ತಂದೊಪ್ಪಿಸಿದ ಬಾಳೆಗೊನೆ, ತೆಂಗಿನಕಾಯಿ, ಕೋಳಿಗಳನ್ನು ಅಂಗಳದಲ್ಲಿ ಕೂಗುತ್ತಿದ್ದರು. ಒಂದು ಕುಂಬಳಕಾಯಿಯನ್ನು ಒಬ್ಬ ಶಾಲಾ ಉಪಾಧ್ಯಾಯರು ಹನ್ನೆರಡು ರೂಪಾಯಿಗೆ ಕೂಗಿ ಕೊಂಡರು. ಕೊಂಡವರು ಹಣವೆಣಿಸಿಕೊಟ್ಟು, ಕಾಯನ್ನು ಮತ್ತೆ ಮೇಜಿನ ಮೇಲೆಯೇ ಇಟ್ಟರು. ಅದು ಮತ್ತೆ ಹರಾಜಾಯಿತು. ಎರಡನೆಯವರೂ ಹಾಗೆಯೇ ಮಾಡಿದರು. ಮೂರನೆಯ ಸಲ ಅದನ್ನು ಕೊಂಡ ಮುದುಕಿ ಮಾತ್ರ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ನಡೆದಳು. ಕೊನೆಗೆ ಪಾದ್ರಿಗಳು ಮೆಟ್ಟಲ ಮೇಲೆ ನಿಂತು, ಯಾರು ಎಷ್ಟು ಕೊಟ್ಟರು, ಒಟ್ಟು ಎಷ್ಟಾಯಿತು, ಅದರಲ್ಲಿ ಯಾವುದಕ್ಕೆ ಎಷ್ಟು ಎಂಬುದನ್ನು ಗಟ್ಟಿಯಾಗಿ ಓದಿದರು. ಆ ಓದನ್ನು ಕೇಳಿದ ಹೊರತು ಯಾರೂ ಅಂಗಳ ಬಿಡಲಿಲ್ಲ.

ಮೈಸೂರು ಸೀಮೆಯಲ್ಲಿ ಇದಕ್ಕೆ ತೀರ ವಿರುದ್ಧವಾದ ಹರಾಜೂ ನಡೆದುದುಂಟು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಕಂಪೆನಿಯ ಸೈನ್ಯ ನೇಮಿಸಿದ ಲೂಟಿಯ ಅಧಿಕಾರಿಗಳು ಟೀಪೂ ಸುಲ್ತಾನನ ಸಿಂಹಾಸನವನ್ನು ತುಂಡು ತುಂಡು ಮಾಡಿ ಮಾರಿದರು. ಬಂದ ಹಣವನ್ನು ಜನರಲ್ಲಿನಿಂದ ಸಿಪಾಯಿಯವರೆಗೆ ದರ್ಜೆಗೆ ತಕ್ಕಂತೆ ಹಂಚಿದರು. ಲೆಕ್ಕವೇನೋ ಅಚ್ಚುಕಟ್ಟಾಗಿಯೇ ಇದ್ದಿತು, ಕೊಟ್ಟವರೊಬ್ಬರಿರಲಿಲ್ಲ, ಅಷ್ಟೆ. ಅಂದು ಹೊರಟ ಸಾಮಗ್ರಿ ಇಂದಿಗೂ ಹರಾಜಿನಿಂದ ಹರಾಜಿಗೆ ಅಲೆಯುತ್ತಿದೆ. ಸುಲ್ತಾನನ ಶಯನಗೃಹದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು.

ಆ ಕುಂಬಳಕಾಯಿಯ ನ್ಯಾಯವನ್ನು ದೇಶದಗಲಕ್ಕೆ ನಡೆಸಿದವರು ಗಾಂಧೀಜಿ. 1933ರ ನವೆಂಬರಿನಲ್ಲಿ ಅವರು ಹೊರಟ ಹರಿಜನ ಯಾತ್ರೆ 1934ರ ಆರಂಭದಲ್ಲಿ ಮೈಸೂರು ಸಂಸ್ಥಾನವನ್ನೂ ಕೊಡಗನ್ನೂ ಹಾದುಹೋಯಿತು. ಪುರಸಭೆಗಳು ಬೆಳ್ಳಿಯ ಕರಂಡಕದಲ್ಲಿ ಮಾನಪತ್ರವಿಟ್ಟು ಕೊಟ್ಟರೆ, ಅವರು ಆ ವೇದಿಕೆಯ ಮೇಲೆಯೇ ನಿಂತು ಕರಂಡಕವನ್ನು ಹರಾಜು ಹಾಕುತ್ತಿದ್ದರು. ಹಸ್ತಾಕ್ಷರ ಬೇಡಿದವರು ಐದು ರೂಪಾಯಿ ತೆರಬೇಕಾಗಿದ್ದಿತು. ಮಹಾತ್ಮರಿಗೆ ಇದು ತರವೆ ಎಂದು ಮೂಗು ಮುರಿದವರೂ ಇದ್ದರು. ವ್ಯಾಪಾರಿ ಕುಲದ ಕೈಗುಣವೆಂದು ಅವರು ನಕ್ಕುಬಿಡುತ್ತಿದ್ದರು. ಕೊಡಗಿನಲ್ಲಿ ನಮ್ಮ ಕಥೆಗಾರ್ತಿ ಗೌರಮ್ಮನವರು, ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಹಿಡಿದು, ಬಂದವರ ಕೈಗೆ ಮಂಗಳಸೂತ್ರ, ಓಲೆ, ಮೂಗುತಿಗಳ ಹೊರತು ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿಕೊಟ್ಟ ಸಂಗತಿ ಸರ್ವವಿದಿತವಾಗಿದೆ. ಆಗ ಆಕೆಗೆ ಇಪ್ಪತ್ತೆರಡರ ಸುಮಾರು. ಮುಂದೆ ಐದೇ ವರ್ಷಗಳಲ್ಲಿ, 1939ರಲ್ಲಿ, ನೀರಿನ ಪಾಲಾದರು. ಅಷ್ಟು ಎಳೆಯ ಗೃಹಿಣಿಗೆ ತನ್ನ ಒಡವೆ ಹೋದೆಡೆಯ ವಿಷಯದಲ್ಲಿ ಅಳುಕಿಲ್ಲದಿದ್ದುದಕ್ಕೆ ಭಕ್ತಿಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಕೊಂಡೊಯ್ದವರ ಲೆಕ್ಕದ ಕಾಠಿಣ್ಯವನ್ನು ದೇಶವೇ ಬಲ್ಲದಾಗಿತ್ತು. ಆಶ್ರಮಕ್ಕೆ ಬಂದವರು ಕೊಟ್ಟ ನಾಲ್ಕು ರೂಪಾಯಿಯನ್ನು ಕಸ್ತೂರ್ ಬಾ ಕಚೇರಿಗೆ ಒಪ್ಪಿಸದೆ ಇಟ್ಟುಕೊಂಡಿದ್ದರೆಂಬುದನ್ನು 1929ರಲ್ಲಿ ಪತಿಯೇ ತಮ್ಮ ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದ್ದರು. ಅದು ನಿಷ್ಠುರವೆಂದು ನನಗೂ ಅನ್ನಿಸುತ್ತದೆ. ಖಜಾಂಚಿಯಾದ ಮೇಲೆ ಸ್ವಲ್ಪ ಕಡಮೆ ಅನ್ನಿಸುತ್ತದೆ.

ಅದೇ ಗಾಂಧೀಜಿಯ ಕನ್ನಡಕ, ಪಾದರಕ್ಷೆ, ಗಡಿಯಾರ, ಊಟದ ಬಟ್ಟಲು ತಟ್ಟೆಗಳು 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದುವು. ಇಟ್ಟುಕೊಂಡಿದ್ದ ಅಮೆರಿಕನ್ ಗೃಹಸ್ಥರು, ಭಾರತ ಸರ್ಕಾರ ಬಡವರ ಆರೋಗ್ಯಕ್ಕೆ ಹೆಚ್ಚು ವೆಚ್ಚ ಮಾಡಲೊಪ್ಪಿದರೆ ಇವನ್ನು ಸುಮ್ಮನೆ ಕೊಟ್ಟುಬಿಡುವೆನೆಂದರು. ಸರ್ಕಾರ ಒಪ್ಪಲಿಲ್ಲ; ಕಡೆಯ ಗಳಿಗೆಯಲ್ಲಿ ಅವರು ಮನಸ್ಸು ಬದಲಿಸಿದರೂ ಹರಾಜು ನಿಲ್ಲಲಿಲ್ಲ. ನಮ್ಮ ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯರು 18 ಲಕ್ಷ ಡಾಲರಿಗೆ ಅವನ್ನು ಕೂಗಿ ಪಡೆದರು. ದೇಶದ ಮಾನ ಉಳಿಯಿತೆಂದು ಅಂದು ಪತ್ರಿಕೆಗಳು ಬರೆದುವು. ಬಡವರ ಆಸ್ಪತ್ರೆಯ ಮಾತನ್ನು ಆಮೇಲೆ ಯಾರೂ ಎತ್ತಿದಂತಿಲ್ಲ. ಕರಂಡಕವನ್ನು ಮಾರಿ ಹರಿಜನ ನಿಧಿಗೆ ಕೊಟ್ಟವರ ಚಪ್ಪಲಿಯನ್ನು ಮಾರಿದಾಗ, ವಸ್ತುವೇ ದೊಡ್ಡದಾಗಿ ನಿಧಿ ಮರೆಯಾಯಿತು.

ಇದಕ್ಕಿಂತ ಮೇಲಾದ ಒಂದು ನಿದರ್ಶನ ನಮ್ಮಲ್ಲಿಯೇ ಉಂಟು. 2018ರ ಮಹಾಮಸ್ತಕಾಭಿಷೇಕದಲ್ಲಿ ಶ್ರವಣಬೆಳಗೊಳದ ಗೊಮ್ಮಟನಿಗೆ ಮೊದಲ ಕಲಶವೆರೆಯುವ ಭಾಗ್ಯವನ್ನು ರಾಜಸ್ಥಾನದ ವ್ಯಾಪಾರಿ ಮನೆತನವೊಂದು 11.61 ಕೋಟಿ ರೂಪಾಯಿಗೆ ಪಡೆಯಿತು. ಆ ಹಣ ಅಲ್ಲಿ ಆಸ್ಪತ್ರೆ ಕಟ್ಟುವುದಕ್ಕೆಂದು ಮೊದಲೇ ಗೊತ್ತುಮಾಡಿದ್ದರು. ಕೊಂಡವರು ಮನೆಗೆ ಒಯ್ದುದೇನೂ ಇಲ್ಲ. ಎರೆದ ನೀರು ವಿಗ್ರಹದ ಪಾದದಿಂದ ಹರಿದುಹೋಯಿತು. ಹರಾಜು ಇಷ್ಟು ಶುದ್ಧವಾಗಿರಬಲ್ಲದಾದರೆ ಅದನ್ನು ಹಳಿಯುವುದು ಹೇಗೆ? ಹಳಿಯಬೇಕಾಗಿಯೂ ಇಲ್ಲ. ಆದರೆ ಕಲಶ ಬರುವುದು ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ, ದಾದಿಯರ ಸಂಬಳ ತಿಂಗಳಿಗೊಮ್ಮೆ. ಹರಾಜಿನ ಹಣ ಕಟ್ಟಡವೆಬ್ಬಿಸಬಲ್ಲುದು. ಆ ಕಟ್ಟಡದಲ್ಲಿ ಪ್ರತಿನಿತ್ಯ ದೀಪ ಹಚ್ಚುವುದಕ್ಕೆ ಬೇರೊಂದು ಬಗೆಯ ಹಣ ಬೇಕು. ನಮ್ಮ ಊರಿನವರು ಮಿಷನ್ ಆಸ್ಪತ್ರೆಯೆನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ತೆರೆದುದು ದೂರದೇಶದ ದಾನದಿಂದ. ಒಂದು ದಿನದ ಉತ್ಸಾಹದಿಂದಷ್ಟೇ ಅದು ಶತಮಾನ ದಾಟಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಮೈಸೂರಿನ ಹೋಟೆಲೊಂದರ ಸಭಾಂಗಣದಲ್ಲಿ ನಮ್ಮ ಶಾಲೆಯ ಸಹಾಯಾರ್ಥವಾಗಿ ಒಂದು ಸಂಸ್ಥೆ ಹರಾಜು ಏರ್ಪಡಿಸಿತ್ತು. ನಮ್ಮ ಮಕ್ಕಳು ಬರೆದ ಜಂಬೂಸವಾರಿಯ ಚಿತ್ರಗಳು ಅಲ್ಲಿಗೆ ಹೋದುವು. ಒಂದರಲ್ಲಿ ಆನೆಗೆ ಐದು ಕಾಲುಗಳಿದ್ದುವು. ಬರೆದ ಹುಡುಗನನ್ನು ಕೇಳಿದರೆ, ಅದು ನಡೆಯುತ್ತಿದೆಯೆಂದು ಕೈಸನ್ನೆಯಲ್ಲಿ ಉತ್ತರ ಕೊಟ್ಟ. ಆ ಚಿತ್ರವೇ ನಲವತ್ತು ಸಾವಿರಕ್ಕೆ ಹೋಯಿತು. ಚಪ್ಪಾಳೆ, ಛಾಯಾಚಿತ್ರ, ಹಾರ, ಎಲ್ಲವೂ ಆದುವು. ಒಟ್ಟು ಕೂಗಿದ ಮೊತ್ತ ಮೂರು ಲಕ್ಷಕ್ಕೆ ಮೀರಿತ್ತು. ಮರುದಿನ ನಾನು ಶ್ರವಣಯಂತ್ರಗಳ ದುರಸ್ತಿಗೂ ಬ್ಯಾಟರಿಗಳಿಗೂ, ಮಕ್ಕಳ ಕಿವಿ ಬೆಳೆದಂತೆಲ್ಲ ಬದಲಿಸಬೇಕಾದ ಅಚ್ಚುಗಳಿಗೂ ಮುಂಗಡ ಕೊಟ್ಟೆ. ಇದು ನನ್ನ ತಪ್ಪು; ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತವನು ಕೂಗನ್ನು ಜಮೆಯೆಂದು ಎಣಿಸಬಾರದಾಗಿತ್ತು. ಐದು ಕಾಲಿನ ಆನೆಯನ್ನು ಕೊಂಡವರು ಅದನ್ನು ಆ ರಾತ್ರಿಯೇ ಕಾರಿನಲ್ಲಿ ಒಯ್ದರು, ಹಣ ಬರಲಿಲ್ಲ. ಇನ್ನೂ ಕೆಲವರದು ಬರಲಿಲ್ಲ. ಬಂದುದರಲ್ಲಿ ಸಭಾಂಗಣದ ಬಾಡಿಗೆ, ಊಟ, ಹೂವು, ಧ್ವನಿವರ್ಧಕಗಳ ವೆಚ್ಚವನ್ನು ಮುರಿದುಕೊಂಡು ನಮ್ಮ ಕೈಗೆ ಕೊಟ್ಟುದು ನಲವತ್ತೊಂದು ಸಾವಿರ. ವಿವರವಾದ ಲೆಕ್ಕ ಕೇಳಿದುದಕ್ಕೆ, ಧರ್ಮಕಾರ್ಯದಲ್ಲಿ ಲೆಕ್ಕ ಕೇಳುವುದೇ ಎಂಬ ಉತ್ತರ ದೊರೆಯಿತು. ಮುಂಗಡದ ಬಾಕಿ ತೀರಿಸುವುದಕ್ಕೆ ಒಬ್ಬ ಉಪಾಧ್ಯಾಯಿನಿಯ ಎರಡು ತಿಂಗಳ ಸಂಬಳವನ್ನು ತಡೆಹಿಡಿಯಬೇಕಾಯಿತು. ಆಕೆ ಏನೂ ಅನ್ನಲಿಲ್ಲ. ಆ ಹುಡುಗ ಮಾತ್ರ ಬಹಳ ದಿನ ನನ್ನನ್ನು ನಿಲ್ಲಿಸಿ, ಆನೆ ಎಲ್ಲಿ ಎಂದು ಸನ್ನೆ ಮಾಡುತ್ತಿದ್ದ.

ಹೊರದೇಶದ ಹಣಕ್ಕೆ ಇದರ ಜೊತೆಗೆ ಬೇರೊಂದು ತೊಡಕುಂಟು. ಅನಿವಾಸಿ ಭಾರತೀಯನೊಬ್ಬ, ಅಂದರೆ ಈ ದೇಶದ ಪೌರತ್ವವನ್ನು ಉಳಿಸಿಕೊಂಡವನು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಕಾಯಿದೆಯ ದೃಷ್ಟಿಯಲ್ಲಿ ಅದು ವಿದೇಶಿ ವಂತಿಗೆಯಲ್ಲ. ಅವನ ಪಕ್ಕದ ಮನೆಯ ಕನ್ನಡಿಗ ಅಲ್ಲಿಯ ಪೌರನಾಗಿದ್ದರೆ ಅವನ ನೂರು ಡಾಲರು ವಿದೇಶಿ ವಂತಿಗೆ. ಕೂಟದ ಖಾತೆಗೆ ಬಿದ್ದು ಬರುವ ಹರಾಜಿನ ಹಣವೂ ಅಂತೆಯೇ. ಅದನ್ನು ಪಡೆಯಬೇಕಾದರೆ ನೋಂದಣಿ ಬೇಕು, ಇಲ್ಲವೆ ಮುಂಚಿತವಾದ ಅನುಮತಿ ಬೇಕು. ನೋಂದಣಿಗೆ ಹಿಂದಿನ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿಯಾದರೂ ಸೇವಾಕಾರ್ಯಕ್ಕೆ ವೆಚ್ಚವಾಗಿರಬೇಕು. ಹಿಂದೆ ದೊಡ್ಡ ಸಂಸ್ಥೆಗಳು ತಾವು ಪಡೆದುದರಲ್ಲಿ ಚಿಕ್ಕ ಸಂಸ್ಥೆಗಳಿಗೆ ಹಂಚುತ್ತಿದ್ದುವು. 2020ರ ತಿದ್ದುಪಡಿ ಅದನ್ನು ನಿಷೇಧಿಸಿತು. ಆಡಳಿತದ ವೆಚ್ಚಕ್ಕಿದ್ದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ಕಳ್ಳಲೆಕ್ಕವನ್ನು ತಡೆಯುವುದಕ್ಕೆ ಕಟ್ಟುಪಾಡು ಬೇಕೆಂಬುದನ್ನು ಲೆಕ್ಕದ ಮನುಷ್ಯನಾದ ನಾನು ಅಲ್ಲಗಳೆಯಲಾರೆ. ಆದರೆ ಬಲೆಯ ಕಣ್ಣು ಹೀಗೆ ಕಿರಿದಾದಾಗ ತಿಮಿಂಗಿಲಗಳು ಹೇಗೋ ದಾರಿ ಕಾಣುತ್ತವೆ, ಒದ್ದಾಡುವುವು ಮೀನುಮರಿಗಳು.

ಮಾರ್ಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೈಲುಕುಪ್ಪೆಯನ್ನು ನೋಡಿರಿ. 1960ರ ಸುಮಾರಿಗೆ ಮೈಸೂರು ಸರ್ಕಾರ ಸುಮಾರು ಮೂರು ಸಾವಿರ ಎಕರೆ ಕಾಡುನೆಲವನ್ನು ಟಿಬೆಟಿನ ನಿರಾಶ್ರಿತರಿಗೆ ಕೊಟ್ಟಿತು. ಅನೇಕ ದೇಶಗಳ ನೆರವು ಬಂದಿತು. ಆ ಪುನರ್ವಸತಿಯ ಕೆಲಸಕ್ಕಾಗಿಯೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ನಿರಾಶ್ರಿತರು ನೆಲೆನಿಂತ ಬಳಿಕ ಅದು ನಮ್ಮ ಹಳ್ಳಿಗಳತ್ತ ತಿರುಗಿತು. 1980ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಅಲ್ಲಲ್ಲಿ ಒಡೆದಾಗ, ಒಬ್ಬರನ್ನೊಬ್ಬರು ನಂಬಬಲ್ಲ ಹತ್ತಿಪ್ಪತ್ತು ಜನ ಒಟ್ಟುಗೂಡಿ ಸಾಲ ತೀರಿಸುತ್ತೇವೆಂದು ಮುಂದೆ ಬಂದರಂತೆ. ಸ್ವಸಹಾಯ ಸಂಘಗಳು ಬೆಳೆದುದು ಅಲ್ಲಿಂದ. 1987ರಲ್ಲಿ ನಬಾರ್ಡ್ ಅವುಗಳಿಗಾಗಿ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಅವನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶದಲ್ಲಿ ಆರಂಭವಾಯಿತು. ಆ ಸಂಘಗಳಲ್ಲಿ ಕೂಗಿಲ್ಲ, ಸುತ್ತಿಗೆಯಿಲ್ಲ. ವಾರಕ್ಕೊಮ್ಮೆ ಹೆಂಗಸರು ಚಾಪೆಯ ಮೇಲೆ ಕುಳಿತು ಪೆಟ್ಟಿಗೆಯ ಬೀಗ ತೆಗೆಯುತ್ತಾರೆ. ಓದಬಲ್ಲವಳು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ. ಓದಲಾರದವರು ಬೆರಳೆಣಿಸುತ್ತ ಕೇಳುತ್ತಾರೆ. ಬ್ಯಾಂಕಿನಲ್ಲಿದ್ದಾಗ ಅಂಥ ಒಂದು ಸಭೆಯಲ್ಲಿ ಕುಳಿತಿದ್ದೆ. ಹದಿನೆಂಟು ರೂಪಾಯಿಯ ವ್ಯತ್ಯಾಸಕ್ಕಾಗಿ ಒಂದು ಗಂಟೆ ಚರ್ಚೆಯಾಯಿತು. ಮೇಲಧಿಕಾರಿಗಳಿಗೆ ಬೇಸರ ಬಂದಿತು. ನನಗೆ ಮಾತ್ರ ಚರ್ಚಿನ ಮೆಟ್ಟಲು ನೆನಪಾಯಿತು.

ಹೊರದೇಶದ ಮಿತ್ರರ ಕಾಗದದಲ್ಲಿ ನನ್ನನ್ನು ಚುಚ್ಚಿದ ಮಾತು ಇನ್ನೊಂದಿದೆ. ಇನ್‌ಲೇ ಹಲಗೆಗಳನ್ನು ಕುಶಲಕರ್ಮಿಗಳು ದಾನವಾಗಿ ಕೊಡುವಂತೆ ನಾವು ಕೇಳಿಕೊಳ್ಳಬೇಕಂತೆ. ಮಂಡಿ ಮೊಹಲ್ಲದ ಒಬ್ಬ ಹಿರಿಯ ಕೆಲಸಗಾರರಲ್ಲಿಗೆ ನಾನು ಹೋಗಿ ಬಂದೆ. ತೆಳ್ಳನೆಯ ಮರದ ಚೂರುಗಳನ್ನು ಗರಗಸದಿಂದ ಎಳೆಯೆಳೆಯಾಗಿ ಕೊಯ್ದು, ಬೀಟೆಯ ಹಲಗೆಯಲ್ಲಿ ಕೂರಿಸುತ್ತಿದ್ದರು. ಒಂದು ದೊಡ್ಡ ಹಲಗೆಗೆ ಒಂದು ತಿಂಗಳು. ವಿಷಯ ತಿಳಿಸಿದೆ. “ಕೊಡೋಣ ಸ್ವಾಮಿ, ಮಕ್ಕಳಿಗೆ ಅಂದರೆ ಬೇಡ ಅನ್ನೋಕಾಗುತ್ಯೇ? ಆದರೆ ಈ ತಿಂಗಳು ಮನೆಗೆ ಯಾರು ಕೊಡ್ತಾರೆ?” ಎಂದರು. ಹಲಗೆಯನ್ನು ಕೊಂಡವರ ಹೆಸರು ಫಲಕದ ಮೇಲೆ ಬರುತ್ತದೆ. ಒಂದು ತಿಂಗಳ ಅನ್ನವನ್ನು ಕೊಟ್ಟವರ ಹೆಸರು ಎಲ್ಲಿಯೂ ಬರುವುದಿಲ್ಲ.

ಸಮಿತಿಯಲ್ಲಿ ಎರಡು ಸಂಜೆ ವಾದವಾಯಿತು. ಬಂದ ಲಕ್ಷ್ಮಿಯನ್ನು ಕಾಲಿಂದ ಒದೆಯುತ್ತೀರೆಂದು ಅಧ್ಯಕ್ಷರು ನನ್ನ ಮೇಲೆ ಕೋಪಿಸಿಕೊಂಡರು. ಅವರ ಕೋಪದಲ್ಲಿ ಹುರುಳಿಲ್ಲದಿಲ್ಲ. ಪೆಟ್ಟಿಗೆಯಲ್ಲಿರುವುದೆಷ್ಟೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ಉತ್ತರವನ್ನು ನಾನೇ ಬರೆದೆ. ಹರಾಜು ನಡೆಸಿರಿ, ಆದರೆ ಹಲಗೆಗಳಿಗೆ ಇಲ್ಲಿಯ ಬೆಲೆಯನ್ನು ಮೊದಲು ಕೆಲಸಗಾರರಿಗೆ ಕೊಟ್ಟು ಕೊಂಡುಕೊಳ್ಳಿರಿ. ಔತಣದ ಖರ್ಚನ್ನು ಉಂಡವರು ಹೊರಲಿ. ಅರ್ಧ ಬೇಡ, ಎಲ್ಲವನ್ನೂ ಆ ಬಾವಿಗಳಿಗೇ ಕಳುಹಿಸಿರಿ. ಬಾವಿ ಒಮ್ಮೆ ತೋಡುವ ಕೆಲಸ, ಒಮ್ಮೆ ಬರುವ ಹಣ ಅದಕ್ಕೆ ಹೊಂದುತ್ತದೆ. ನಮಗೆ ನಿಮ್ಮಲ್ಲಿ ಭಾರತದ ಪೌರರಾಗಿಯೇ ಉಳಿದಿರುವ ಹತ್ತು ಜನ, ತಮ್ಮ ಉಳಿತಾಯದಿಂದ ತಿಂಗಳಿಗೆ ಸಾವಿರ ರೂಪಾಯಿಯಂತೆ ಮೂರು ವರ್ಷ ಕಳುಹಿಸುವುದಾಗಿ ಬರೆದುಕೊಟ್ಟರೆ ಸಾಕು. ಪ್ರತಿ ತಿಂಗಳ ಲೆಕ್ಕವನ್ನು ಶಾಲೆಯ ಬಾಗಿಲಿಗೆ ಅಂಟಿಸಿ, ಅದರ ಛಾಯಾಚಿತ್ರವನ್ನು ನಿಮಗೆ ಕಳುಹಿಸುತ್ತೇವೆ.

ಕಾಗದ ಹೋಗಿ ಒಂಬತ್ತು ದಿನಗಳಾದುವು. ಉತ್ತರ ಇನ್ನೂ ಬಂದಿಲ್ಲ. ಈ ತಿಂಗಳ ಬ್ಯಾಟರಿಗಳ ಪಟ್ಟಿ ನನ್ನ ಮೇಜಿನ ಮೇಲಿದೆ. ಇಪ್ಪತ್ತಾರು ಮಕ್ಕಳು, ಕೆಲವರಿಗೆ ಒಂದೇ ಕಿವಿಗೆ, ಹೆಚ್ಚಿನವರಿಗೆ ಎರಡಕ್ಕೂ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಅರ್ಧ ನಗದು, ಅರ್ಧ ಕಡ ಎಂದು ಕೇಳಿ ನೋಡಬೇಕಾಗಿದೆ.