ಏಳನೆಯ ತರಗತಿಗೆ ದುಷ್ಷಮ ಕಾದಂಬರಿ ಬೇಡವೆ?

ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳಿಗೆ ಇಂಗ್ಲಿಷ್ ತರಗತಿಯಲ್ಲಿ ಡಿಸ್ಟೋಪಿಯನ್ ಕಾದಂಬರಿಗಳನ್ನು ಓದಿಸಬಾರದೆಂಬ ವಾದ ಶಿಕ್ಷಕರ ನಡುವೆಯೂ ಪಾಲಕರ ನಡುವೆಯೂ ಕೇಳಿಬರುತ್ತಿದೆ. ಅಮೆರಿಕದ ಮಾಧ್ಯಮಿಕ ಶಾಲೆಗಳಲ್ಲಿ ಲೋಯಿಸ್ ಲೋರಿಯವರ 'ದಿ ಗಿವರ್' (1993) ದಶಕಗಳಿಂದ ಪಾಠವಾಗಿದೆ. ಅಲ್ಲಿಯೂ ಅದನ್ನು ಶಾಲೆಯಿಂದ ತೆಗೆಸಬೇಕೆಂಬ ಒತ್ತಾಯಗಳು ನಿಂತಿಲ್ಲ. ಈಗ ಆ ಕೃತಿಯೂ ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್' (1945) ಕೂಡ ನಮ್ಮ ಕೆಲವು ಖಾಸಗಿ ಶಾಲೆಗಳ ಓದಿನ ಪಟ್ಟಿಗೆ ಬಂದಿವೆ. ಇದಕ್ಕೆ ಎದುರಾಗಿ ಎತ್ತುವ ಆಕ್ಷೇಪಗಳು ಮೂರು. ಒಂದು, ಇವು ಮಕ್ಕಳನ್ನು ಹೆದರಿಸುತ್ತವೆ. ಎರಡು, ಇವು ನಮ್ಮ ನೆಲದವಲ್ಲ. ಮೂರು, ಇಂಗ್ಲಿಷ್ ತರಗತಿ ಇರುವುದು ಭಾಷೆ ಕಲಿಸಲಿಕ್ಕೇ ಹೊರತು ಲೋಕದ ಕೇಡನ್ನು ಚರ್ಚಿಸಲಿಕ್ಕಲ್ಲ. ಈ ಮೂರೂ ನಿಲ್ಲತಕ್ಕ ವಾದಗಳಲ್ಲ. ಮೂರನೆಯದಂತೂ ಅಪಾಯಕಾರಿಯಾದುದು.

ಮೊದಲು ಪದದ ಮಾತು. ತಾಮಸ್ ಮೋರ್ 1516ರಲ್ಲಿ 'ಯುಟೋಪಿಯಾ' ಎಂಬ ಹೆಸರನ್ನು ಕೊಟ್ಟ. 1868ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ಆಡಳಿತವನ್ನು ಟೀಕಿಸುತ್ತ ಅದಕ್ಕೆ ವಿರುದ್ಧವಾದ ಪದವನ್ನು ಬಳಸಿದ. ಕನ್ನಡದಲ್ಲಿ ಇದಕ್ಕೆ ಒಪ್ಪಿತವಾದ ಒಂದು ಪದ ನೆಲೆಗೊಂಡಿಲ್ಲ. ನಾನು 'ದುಷ್ಷಮ' ಎಂಬ ಪದವನ್ನು ಸೂಚಿಸುತ್ತೇನೆ. ಜೈನ ಕಾಲಚಕ್ರದಲ್ಲಿ ಅವಸರ್ಪಿಣಿಗೆ ಆರು ಕಾಲಗಳು: ಸುಷಮ-ಸುಷಮ, ಸುಷಮ, ಸುಷಮ-ದುಷ್ಷಮ, ದುಷ್ಷಮ-ಸುಷಮ, ದುಷ್ಷಮ, ಅತಿದುಷ್ಷಮ. ಐದನೆಯದು ಇಪ್ಪತ್ತೊಂದು ಸಾವಿರ ವರ್ಷಗಳದು. ನಾವು ಈಗ ಇರುವುದು ಅದರಲ್ಲಿ. ಆರನೆಯದರಲ್ಲಿ ಮನುಷ್ಯನ ಎತ್ತರ ಕುಗ್ಗಿ ಕುಗ್ಗಿ ಒಂದು ಮೊಳಕ್ಕೆ ಇಳಿಯುತ್ತದೆ, ಧರ್ಮವೆಂಬ ಮಾತೇ ಅಳಿದುಹೋಗುತ್ತದೆ. ಗ್ರೀಕ್ ಪದ ಕೇಡನ್ನು ಒಂದು ಸ್ಥಳವನ್ನಾಗಿ ಕಾಣುತ್ತದೆ, ನಮ್ಮ ಪದ ಅದನ್ನು ಕಾಲವನ್ನಾಗಿ ಕಾಣುತ್ತದೆ. ಈ ವ್ಯತ್ಯಾಸ ದೊಡ್ಡದು. ಅದಕ್ಕೆ ಮುಂದೆ ಬರುತ್ತೇನೆ.

ಭಯದ ಆಕ್ಷೇಪವನ್ನು ಎತ್ತುವವರು ನಮ್ಮ ಮಕ್ಕಳು ಏನನ್ನು ಕೇಳಿ ಬೆಳೆದಿದ್ದಾರೆಂಬುದನ್ನು ಮರೆತಿದ್ದಾರೆ. ಕನ್ನಡದ ಮಗು ಅಕ್ಷರ ಕಲಿಯುವ ಮೊದಲೇ ಪುಣ್ಯಕೋಟಿಯ ಕಥೆಯಲ್ಲಿ ಕರುವನ್ನು ಬಿಟ್ಟು ಹುಲಿಯ ಬಾಯಿಗೆ ಹೊರಟ ತಾಯಿಯನ್ನು ಕಾಣುತ್ತದೆ. 'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆಯಲ್ಲಿ ನರಿಯೊಂದು ತನ್ನ ಮರಿಗಳೊಡನೆ ಧ್ಯಾನಸ್ಥ ಮುನಿಯನ್ನು ಜೀವಂತ ತಿನ್ನುತ್ತದೆ. ಶ್ರಾವಕರ ಮನೆಗಳಲ್ಲಿ ಆ ಕಥೆಯನ್ನು ಮಕ್ಕಳಿಂದ ಮುಚ್ಚಿಟ್ಟವರಿಲ್ಲ. ಅಷ್ಟೇಕೆ, ತಿಕೋಟಾ, ಬಬಲೇಶ್ವರ ಭಾಗದ ಮಗು ಮಳೆ ಕೈಕೊಟ್ಟ ವರ್ಷ ಬಾವಿ ಬತ್ತಿದ್ದನ್ನು ಕಂಡಿದೆ. ಕಬ್ಬು ಕಡಿಯಲು, ಗಾರೆ ಕೆಲಸಕ್ಕೆ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ ಹೋಗುವ ಕುಟುಂಬಗಳನ್ನು ಕಂಡಿದೆ. ಅಂಥ ಮಗುವಿಗೆ ಸಂಕಟದ ಪರಿಚಯವನ್ನು ಕಾದಂಬರಿ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಂಡದ್ದಕ್ಕೆ ಕಾರಣ ಕೇಳುವ ಬಗೆಯನ್ನು ಅದು ಕಲಿಸಬಲ್ಲದು.

ಆದರೆ ಎಲ್ಲ ಕೃತಿಗಳೂ ಎಲ್ಲ ವಯಸ್ಸಿಗೂ ಸಲ್ಲುತ್ತವೆಂದು ನಾನು ಹೇಳುತ್ತಿಲ್ಲ. ಆರ್ವೆಲ್‌ನ '1984' (1949) ಚಿತ್ರಹಿಂಸೆಯ ಕೊಠಡಿಯಲ್ಲಿ ಮನುಷ್ಯನ ಮನಸ್ಸು ಮುರಿಯುವುದನ್ನು ತೋರಿಸುತ್ತದೆ. ಅದು ಪದವಿ ತರಗತಿಯ ಓದು. 'ದಿ ಗಿವರ್'ನಲ್ಲಿಯೂ ಒಂದು ಶಿಶುಹತ್ಯೆಯ ಪ್ರಸಂಗವಿದೆ. ಅದನ್ನು ಶಿಕ್ಷಕ ಹಾರಿಸಕೂಡದು, ಜೊತೆಗೆ ಕುಳಿತು ಓದಬೇಕು. ಇದು ಆಯ್ಕೆಯ ವಿವೇಕದ ಪ್ರಶ್ನೆ. ನಿಷೇಧಕ್ಕೆ ಇದು ಆಧಾರವಾಗಲಾರದು.

ಎರಡನೆಯ ಆಕ್ಷೇಪ, ಇವು ನಮ್ಮವಲ್ಲ ಎಂಬುದು. ಇದನ್ನು ಹೇಳುವವರು ಪ್ರಾಚೀನ ಸಾಹಿತ್ಯವನ್ನು ಓದಿಲ್ಲ ಎಂದಷ್ಟೇ ಹೇಳಬೇಕು. ಯತಿವೃಷಭನ 'ತಿಲೋಯಪಣ್ಣತ್ತಿ'ಯಲ್ಲಿ ಬರುವ ಕಲ್ಕಿ ಲೋಕೋದ್ಧಾರಕನಲ್ಲ, ಪೀಡಕನಾದ ದೊರೆ. ಅವನ ಅಧಿಕಾರಿಗಳು ತೆರಿಗೆ ಕಟ್ಟದವರು ಯಾರಾದರೂ ಉಳಿದಿದ್ದಾರೆಯೆ ಎಂದು ಹುಡುಕುತ್ತಾರೆ. ಏನೂ ಇಲ್ಲದ ದಿಗಂಬರ ಮುನಿ ಕಣ್ಣಿಗೆ ಬೀಳುತ್ತಾನೆ. ಅವನ ಅಂಗೈಯಲ್ಲಿ ಬಿದ್ದ ಮೊದಲ ತುತ್ತನ್ನೇ ತೆರಿಗೆಯಾಗಿ ಕೇಳುತ್ತಾರೆ. ಬಟ್ಟೆಯೂ ಪಾತ್ರೆಯೂ ಇಲ್ಲದವನಿಂದಲೂ ವಸೂಲಿಗೆ ಏನಾದರೊಂದು ಸಿಕ್ಕೀತೆಂದು ತಡಕಾಡುವ ಪ್ರಭುತ್ವದ ಈ ಚಿತ್ರಕ್ಕಿಂತ ಹರಿತವಾದುದನ್ನು ಇಪ್ಪತ್ತನೆಯ ಶತಮಾನದ ಯೂರೋಪು ಬರೆದಿದ್ದರೆ ತೋರಿಸಲಿ.

ಹಾಗೆಯೇ ಜಿನಸೇನರ 'ಆದಿಪುರಾಣ'ದಲ್ಲಿ ಭರತ ಚಕ್ರವರ್ತಿ ಕಂಡ ಹದಿನಾರು ಕನಸುಗಳನ್ನು ನೋಡಿ. ಆನೆ ಹೊರುವ ಹೊರೆಯನ್ನು ಹೊತ್ತು ಬೆನ್ನು ಬಾಗಿದ ಕುದುರೆ, ಆನೆಯ ಮೇಲೆ ಕುಳಿತ ಕಪಿ, ನಡುವೆ ಒಣಗಿ ಅಂಚಿನಲ್ಲಿ ಮಾತ್ರ ನೀರಿರುವ ಕೊಳ: ಇವೆಲ್ಲ ಮುಂಬರುವ ಕಾಲದ ಸೂಚನೆಗಳೆಂದು ಆದಿನಾಥ ಬಿಡಿಸಿ ಹೇಳುತ್ತಾನೆ. ಚಂದ್ರಗುಪ್ತನ ಕನಸುಗಳಲ್ಲಿ ಹನ್ನೆರಡು ಹೆಡೆಯ ಸರ್ಪ ಬರುತ್ತದೆ. ಅದು ಹನ್ನೆರಡು ವರ್ಷಗಳ ಕ್ಷಾಮವೆಂದು ಭದ್ರಬಾಹು ಅರ್ಥೈಸುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರ ತನ್ನ 'ರಾಜಾವಳಿ ಕಥೆ'ಯಲ್ಲಿ ಇದನ್ನು ಕನ್ನಡಕ್ಕೆ ಮತ್ತೆ ತಂದ. ಭವಿಷ್ಯದ ಕೇಡನ್ನು ರೂಪಕವಾಗಿ ಕಟ್ಟಿ ವರ್ತಮಾನಕ್ಕೆ ಎಚ್ಚರಿಕೆ ಕೊಡುವ ಕೆಲಸ ನಮ್ಮಲ್ಲಿ ಸಾವಿರ ವರ್ಷಗಳಿಗೂ ಹಳೆಯದು.

'ಅನಿಮಲ್ ಫಾರ್ಮ್' ಓದಿಸುವ ಶಿಕ್ಷಕ ಅದರ ಪಕ್ಕದಲ್ಲಿ 'ವಡ್ಡಾರಾಧನೆ'ಯ ಭದ್ರಬಾಹು ಭಟಾರರ ಕಥೆಯನ್ನು ಇಟ್ಟು ನೋಡಲಿ. ಅಲ್ಲಿ ಗೋಡೆಯ ಮೇಲೆ ಬರೆದ ಕಟ್ಟಳೆಗಳು ರಾತ್ರೋರಾತ್ರಿ ಒಂದೊಂದಾಗಿ ತಿದ್ದಲ್ಪಡುತ್ತವೆ. ಇಲ್ಲಿ ಕ್ಷಾಮದ ನಾಡಿನಲ್ಲಿ ಉಳಿದವರ ಆಚಾರ ಒಂದೊಂದು ಎಳೆಯಾಗಿ ಸಡಿಲುತ್ತದೆ. ಪಂಥಗಳ ಹಳೆಯ ವಾದಕ್ಕೆ ನಾನು ಈ ಕಥೆಯನ್ನು ಎಳೆಯುತ್ತಿಲ್ಲ. ನಿಯಮ ಹೇಗೆ ಸವೆಯುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದೇನೆ. ಹಂದಿಗಳು ತಿದ್ದಿದ್ದು ದುರಾಸೆಯಿಂದ, ಇವರು ತಿದ್ದಿಕೊಂಡದ್ದು ಹಸಿವಿನಿಂದ. ಎರಡೂ ಕಡೆ ಪ್ರತಿಯೊಂದು ತಿದ್ದುಪಡಿಯೂ ಆ ಹೊತ್ತಿಗೆ ಸಣ್ಣದಾಗಿಯೇ ತೋರುತ್ತದೆ. ಹಸಿವಿನ ತಪ್ಪಿಗೂ ದುರಾಸೆಯ ತಪ್ಪಿಗೂ ಒಂದೇ ಅಳತೆಗೋಲೆ ಎಂದು ಏಳನೆಯ ತರಗತಿಯನ್ನು ಕೇಳಿ ನೋಡಿ. ಆ ಚರ್ಚೆ ಒಂದು ಪಿರಿಯಡ್ಡಿನಲ್ಲಿ ಮುಗಿಯುವುದಿಲ್ಲ.

ಹಾಗಾದರೆ ನಮ್ಮದೇ ಸಾಕು, ಪರಕೀಯ ಕಾದಂಬರಿ ಏಕೆ ಎಂದು ಕೇಳಬಹುದು. ಇಲ್ಲಿಯೇ ಕಾಲ-ಸ್ಥಳಗಳ ವ್ಯತ್ಯಾಸ ಮುಖ್ಯವಾಗುವುದು. ಕಾಲಚಕ್ರದ ಕಲ್ಪನೆಗೆ ಒಂದು ದೊಡ್ಡ ಶಕ್ತಿಯಿದೆ: ಇಳಿದ ಚಕ್ರ ಏರುತ್ತದೆ, ಅವಸರ್ಪಿಣಿಯ ನಂತರ ಉತ್ಸರ್ಪಿಣಿ ಇದೆ. ಆದರೆ ಅದನ್ನು ಅರೆಬರೆಯಾಗಿ ತಿಳಿದವರ ಬಾಯಲ್ಲಿ ಅದು 'ಕಾಲವೇ ಕೆಟ್ಟದ್ದು, ನಾವೇನು ಮಾಡಲಾದೀತು' ಎಂಬ ನಿಟ್ಟುಸಿರಾಗುತ್ತದೆ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ, ಅಂದು ಕಲಾದಗಿ ಜಿಲ್ಲೆಯೆಂದು ಕರೆಯಲಾಗುತ್ತಿದ್ದ ನಮ್ಮ ಸೀಮೆ ತೀವ್ರವಾಗಿ ನರಳಿತು. ಮಳೆ ಬಾರದ್ದು ಕಾಲದ ದೋಷವೆನ್ನೋಣ. ಆದರೆ 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದು ಆಣೆಗೆ ಇಳಿಸಿದ್ದು ಯಾವ ಕಾಲದ ದೋಷ? ಅದು ಲೆಕ್ಕ ಹಾಕಿ ಹೊರಡಿಸಿದ ಆದೇಶ. ಬೊಂಬಾಯಿ ಪ್ರಾಂತದ ಕೂಲಿಗಳು ಅದನ್ನು ಪ್ರತಿಭಟಿಸಿ ಕೆಲಸ ಬಿಟ್ಟು ನಡೆದರು. ದುಷ್ಷಮ ಕಾದಂಬರಿ ಕಲಿಸುವುದು ಇದನ್ನೇ: ಕೇಡಿನಲ್ಲಿ ಕಾಲದ ಪಾಲೆಷ್ಟು, ಸಹಿ ಹಾಕಿದ ಕೈಯ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವುದನ್ನು. ಪುರಾಣ ಮಗುವಿಗೆ ಚಕ್ರ ತಿರುಗುತ್ತದೆಂಬ ಭರವಸೆ ಕೊಡಲಿ, ಕಾದಂಬರಿ ಹೊಣೆಗಾರರನ್ನು ಹುಡುಕುವ ಕಣ್ಣು ಕೊಡಲಿ. ಎರಡೂ ಬೇಕು.

ಇನ್ನು ಮೂರನೆಯ ಆಕ್ಷೇಪ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಗಡಿಗೆ ಹತ್ತಿರದ ಹೊನವಾಡದಂಥ ಊರಿನ ಮಗು ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ಸಂತೆಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಹೀಗೆ ನಾಲ್ಕು ನುಡಿಗಳ ನಡುವೆ ನಡೆಯುತ್ತದೆ. ಇಂಥ ಮಗುವಿಗೆ 'ಭಾಷೆ ಮಾತ್ರ ಕಲಿಸುತ್ತೇವೆ' ಎನ್ನುವುದರ ಅರ್ಥವೇನು? ಭಾಷೆ ಕೇವಲ ವ್ಯಾಕರಣವಲ್ಲ, ಅಧಿಕಾರವೂ ಹೌದು. '1984'ರ ಸರ್ಕಾರ ನಿಘಂಟನ್ನು ಪ್ರತಿ ಆವೃತ್ತಿಗೂ ತೆಳ್ಳಗೆ ಮಾಡುವುದು ಜನರ ಆಲೋಚನೆಯನ್ನು ತೆಳ್ಳಗೆ ಮಾಡಲೆಂದೇ. 'ದಿ ಗಿವರ್'ನಲ್ಲಿ ಮೂರು ವರ್ಷದ ಹುಡುಗನೊಬ್ಬ ಒಂದು ಪದದ ಬದಲು ಇನ್ನೊಂದು ಪದ ನುಡಿದನೆಂದು ಕೋಲಿನ ಏಟು ತಿನ್ನುತ್ತಾನೆ. ಮತ್ತೆ ಮತ್ತೆ ತಿಂದು ಕೆಲವು ಕಾಲ ಮಾತನ್ನೇ ನಿಲ್ಲಿಸಿಬಿಡುತ್ತಾನೆ.

ಕನ್ನಡ ಮಾತನಾಡಿದರೆ ದಂಡ ವಿಧಿಸುವ, ಕೊರಳಿಗೆ ಫಲಕ ತೂಗುಹಾಕುವ ಶಾಲೆಗಳ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಅಂಥ ಶಾಲೆಯ ಮಗು ಆ ಹುಡುಗನ ಪ್ರಸಂಗವನ್ನು ಓದಿದರೆ ಅದಕ್ಕೆ ವಿವರಣೆ ಬೇಕಾಗುವುದಿಲ್ಲ. ಕೆಲವರಿಗೆ ಈ ಕಾದಂಬರಿಗಳ ಬಗ್ಗೆ ಇರುವ ನಿಜವಾದ ಅಂಜಿಕೆ ಇದೇ ಎಂದು ನನ್ನ ಬಲವಾದ ಶಂಕೆ. ಮಗು ಹೆದರೀತೆಂಬ ಚಿಂತೆಗಿಂತ ಮಗು ತನ್ನ ತರಗತಿಯನ್ನೇ ಗುರುತಿಸೀತೆಂಬ ಚಿಂತೆ ದೊಡ್ಡದು.

ಶಾಲೆಗೆ ತಕ್ಕಂತೆ ಕೃತಿಯನ್ನು ಪಳಗಿಸುವುದು ಹೇಗೆಂಬುದಕ್ಕೆ ಒಂದು ಚರಿತ್ರೆಯೇ ಇದೆ. ಪುಸ್ತಕ ಸುಡುವ ಸಮಾಜದ ಬಗ್ಗೆ ರೇ ಬ್ರಾಡ್ಬರಿ ಬರೆದ 'ಫ್ಯಾರನ್‌ಹೀಟ್ 451' (1953) ಕಾದಂಬರಿಯ ಶಾಲಾ ಆವೃತ್ತಿಯೊಂದನ್ನು ಪ್ರಕಾಶಕರು 1967ರಲ್ಲಿ ತಂದರು. ಲೇಖಕನಿಗೆ ತಿಳಿಸದೆ ಹತ್ತಾರು ಕಡೆ ಪದಗಳನ್ನು ಅಳಿಸಿ ತಿದ್ದಿದ್ದರು. ಹನ್ನೆರಡು ವರ್ಷಗಳ ಮೇಲೆ ಅದು ಗೊತ್ತಾಗಿ ಅವನು ಮೂಲಪಾಠವನ್ನೇ ಮರಳಿ ಮುದ್ರಿಸಬೇಕೆಂದು ಪಟ್ಟುಹಿಡಿದ. ನಮ್ಮಲ್ಲಿ ಕತ್ತರಿಯ ಅಗತ್ಯವೂ ಬೀಳುವುದಿಲ್ಲ. ಗೈಡು ಸಾಕು. ಪಾತ್ರಗಳ ಹೆಸರು, ಬಿಟ್ಟ ಸ್ಥಳ ತುಂಬಿರಿ, ವಿರುದ್ಧಾರ್ಥಕ ಪದ ಬರೆಯಿರಿ: ಹೀಗೆ ಓದಿಸಿದರೆ ಯಾವ ಕಾದಂಬರಿಯೂ ಯಾರನ್ನೂ ಎಬ್ಬಿಸುವುದಿಲ್ಲ.

ಆದ್ದರಿಂದ ನನ್ನ ಒತ್ತಾಯಗಳು ಸ್ಪಷ್ಟ. ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಇಂಥ ಒಂದು ಕಾದಂಬರಿಯನ್ನಾದರೂ ಇಡಿಯಾಗಿ ಓದಿಸಬೇಕು. ಓದು ಇಂಗ್ಲಿಷಿನಲ್ಲಿರಲಿ, ಚರ್ಚೆಗೆ ಕನ್ನಡ ಮುಕ್ತವಾಗಿರಲಿ. ಹೊಸ ಭಾಷೆಯಲ್ಲಿ ಓದಿದ್ದನ್ನು ಮಗು ತಾಯ್ನುಡಿಯಲ್ಲಿ ವಾದಿಸಿದಾಗಲೇ ಎರಡೂ ಭಾಷೆಗಳು ಬೆಳೆಯುತ್ತವೆ. ಪರೀಕ್ಷೆಯಲ್ಲಿ ಒಂದೇ ಉತ್ತರವುಳ್ಳ ಪ್ರಶ್ನೆಗಳನ್ನು ಕೇಳದಿರಲಿ. ಇಂಗ್ಲಿಷ್ ಮತ್ತು ಕನ್ನಡ ಶಿಕ್ಷಕರು ಜೊತೆಗೂಡಿ ಭರತನ ಕನಸುಗಳನ್ನೂ ಭದ್ರಬಾಹುವಿನ ಕಥೆಯನ್ನೂ ಆ ಕಾದಂಬರಿಯ ಪಕ್ಕಕ್ಕೆ ತರಲಿ.

ಈ ಕೊನೆಯ ಕೆಲಸಕ್ಕೆ ಬೇಕಾದ ಪಠ್ಯಗಳು ಇಂದು ಶಾಲೆಯ ಶಿಕ್ಷಕರ ಕೈಯಲ್ಲಿಲ್ಲ. ಹಳಗನ್ನಡವನ್ನು ಪದವಿಗಾಗಿ ಓದಿ, ಪ್ರಬಂಧ ಬರೆದು, ಅಲ್ಲಿಗೇ ಬಿಡುವ ನಮ್ಮ ಎಂ.ಎ., ಪಿಎಚ್.ಡಿ. ವಿದ್ಯಾರ್ಥಿಗಳು ಅವುಗಳನ್ನು ಹನ್ನೆರಡು ವರ್ಷದ ಓದುಗರಿಗೆ ತಿಳಿಯುವ ಹೊಸಗನ್ನಡದಲ್ಲಿ ಸಿದ್ಧಪಡಿಸಿಕೊಡಬೇಕು. ಒಬ್ಬರು ಒಂದು ಕಥೆ ವಹಿಸಿಕೊಂಡರೂ ಒಂದು ವರ್ಷದಲ್ಲಿ ಒಂದು ಪುಸ್ತಕವಾಗುತ್ತದೆ.