ಪ್ರಯೋಗಶಾಲೆಯ ಕಾವು ಮತ್ತು ಆಯ್ಕೆಯ ವಿವೇಕ

ಪ್ರಯೋಗಶಾಲೆಯ ಯೋಗ್ಯತೆಯನ್ನು ಬೀರುವಿನಲ್ಲಿರುವ ಉಪಕರಣಗಳ ಬೆಲೆಯಿಂದ ಅಳೆಯುವುದು ವಾಡಿಕೆ. ಆದರೆ ಗಾಜಿನ ಪಾತ್ರೆಯನ್ನು ನೇರ ಜ್ವಾಲೆಗೊಡ್ಡದೆ ಯಾವ ಮಾಧ್ಯಮದಲ್ಲಿರಿಸಿ ಕಾಯಿಸಲಾಗುತ್ತದೆ ಎಂಬ ಸಣ್ಣ ಪ್ರಶ್ನೆಯೇ ಅದರ ನಿಜವಾದ ಒರೆಗಲ್ಲು. ಫಲಿತಾಂಶದ ನಿಖರತೆಯೂ ವಿದ್ಯಾರ್ಥಿಯ ಕ್ಷೇಮವೂ ಅದನ್ನು ಅವಲಂಬಿಸಿವೆ.

ನೀರಿನ ಮಿತಿ ಕಿರಿದು. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದ ಚಿತ್ರದುರ್ಗದಲ್ಲಿ ಅದು 97.5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಕುದಿಯುತ್ತದೆ. 122 ಡಿಗ್ರಿಯಲ್ಲಿ ಕರಗುವ ಬೆಂಜೋಯಿಕ್ ಆಮ್ಲದ ಪರೀಕ್ಷೆಗೆ ಅದು ಸಾಲದು. ಇಂತಹ ಕಾರ್ಯಕ್ಕೆ ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನೇ ಕಾಯಿಸುವ ರೂಢಿ ಬಹುಕಾಲವಿತ್ತು. ಹಿಂದಿನವರು ಹಾಗೆಯೇ ಕಲಿತರಲ್ಲವೆ ಎಂಬ ವಾದ ಸಲ್ಲದು. ಕೊಳವೆ ಒಡೆದರೆ ಸಿಡಿಯುವ ಆಮ್ಲಕ್ಕೆ ಪರಂಪರೆಯ ಅರಿವಿಲ್ಲ.

ಶೇಂಗಾ ಬೆಳೆಯುವ ಈ ಜಿಲ್ಲೆಯಲ್ಲಿ ಅದರ ಎಣ್ಣೆ ಸುಲಭವಾಗಿ ದೊರೆಯುತ್ತದೆ. ಆದರೆ ಪದೇ ಪದೇ ಕಾಯಿಸಿದಾಗ ಅದು ಕಪ್ಪಾಗಿ, ಅಂಟಾಗಿ, ಹೊಗೆಯುಗುಳುತ್ತದೆ. ಸುಮಾರು 200 ಡಿಗ್ರಿಯವರೆಗೆ ಲಿಕ್ವಿಡ್ ಪ್ಯಾರಾಫಿನ್ ಮೇಲು. 250 ಡಿಗ್ರಿಯ ಸಮೀಪಕ್ಕೆ ಸಿಲಿಕೋನ್ ಎಣ್ಣೆ ಉತ್ತಮ, ಬೆಲೆ ಮಾತ್ರ ಹೆಚ್ಚು. ಯಾವ ಎಣ್ಣೆಯಾದರೂ ಒಂದು ಹನಿ ನೀರು ಬಿದ್ದರೆ ಸಿಡಿಯುವುದೆಂಬುದು ಒಗ್ಗರಣೆ ಹಾಕುವ ಪ್ರತಿಯೊಬ್ಬ ತಾಯಿಗೂ ಗೊತ್ತು. ಇನ್ನೂ ಹೆಚ್ಚಿನ ಕಾವಿಗೆ ತೊಳೆದು ಚೆನ್ನಾಗಿ ಒಣಗಿಸಿದ ಮರಳುಂಟು. ಹೊಸದುರ್ಗ, ಹಿರಿಯೂರುಗಳ ವೇದಾವತಿಯ ತೀರದವರಿಗೆ ಅದು ಅಪರಿಚಿತವಲ್ಲ. ಮರಳು ಉರಿಯದು, ಆದರೆ ಕಾವು ಅದರಲ್ಲಿ ಸಮನಾಗಿ ಹರಡದು. ಕೈಗಾರಿಕೆಗಳು ಬಳಸುವ ಕರಗಿದ ನೈಟ್ರೇಟ್ ಲವಣಗಳು ಸಾವಯವ ವಸ್ತು ಸೋಕಿದರೆ ಭೀಕರವಾಗಿ ಉರಿಯಬಲ್ಲವಾದ್ದರಿಂದ ಶಾಲೆಗೆ ತಕ್ಕವಲ್ಲ.

ಆದಕಾರಣ ಬೇಕಾದ ತಾಪವನ್ನು ಮೊದಲು ನಿಶ್ಚಯಿಸಿ, ಅದನ್ನು ತಾಳಬಲ್ಲ ಮಾಧ್ಯಮಗಳಲ್ಲಿ ಅತ್ಯಂತ ನಿರಪಾಯಕರವಾದುದನ್ನು ಆರಿಸುವುದೇ ವಿವೇಕ. 110 ಡಿಗ್ರಿಯ ಥರ್ಮಾಮೀಟರನ್ನು ಕಾದ ಎಣ್ಣೆಯಲ್ಲಿ ಅದ್ದಿದರೆ ಅದು ಒಡೆಯುವುದು. 360 ಡಿಗ್ರಿಯದು ಅವಶ್ಯ. ಕಪ್ಪಾದ ಎಣ್ಣೆಯನ್ನು ಬದಲಿಸಬೇಕು. ಬೆಂಕಿ ಹತ್ತಿದರೆ ನೀರು ಸುರಿಯದೆ ಮುಚ್ಚಳ ಮುಚ್ಚಲು ಕಲಿಸಬೇಕು.

ಇವೆಲ್ಲ ಅಲ್ಪ ವೆಚ್ಚದ ಕಾರ್ಯಗಳು. ಆದರೆ ಯಾವ ಶಿಲಾಫಲಕದಲ್ಲಿಯೂ ಕೆತ್ತಲ್ಪಡದವು. ಕಟ್ಟಡಕ್ಕೆ ಕೊಡುವ ಉದಾರ ಕೈಗಳು ವರ್ಷಕ್ಕೊಮ್ಮೆ ಒಳ್ಳೆಯ ಎಣ್ಣೆಗೂ ಥರ್ಮಾಮೀಟರಿಗೂ ಕೊಟ್ಟರೆ ಅದೂ ದಾಸೋಹವೇ. ಪಾಠಕ್ಕೆ ಮುನ್ನ ಆ ಪಾತ್ರೆಯನ್ನು ಪರೀಕ್ಷಿಸುವ ಉಪಾಧ್ಯಾಯರದು ಕಾಯಕವೇ. ಚಿತ್ರದುರ್ಗದಿಂದ ಹೊಳಲ್ಕೆರೆಯವರೆಗಿನ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ನಿರೀಕ್ಷಿಸುವುದು ವಿದ್ಯೆಯನ್ನಷ್ಟೇ ಅಲ್ಲ, ಮಕ್ಕಳು ಸುಖವಾಗಿ ಮನೆ ಸೇರುವುದನ್ನೂ.