ಚೀಲಕ್ಕೆ ಸಬ್ಸಿಡಿ ಇದೆ, ತಿಪ್ಪೆಗೆ ಯಾಕಿಲ್ಲ?

ಮಾನ್ಯ ಕೃಷಿ ಸಚಿವರೇ,

ಹಿಂಗಾರಿ ಬಿತ್ತನೆ ಹತ್ತಿರ ಬಂತೆಂದರೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಗೊಬ್ಬರದ ಅಂಗಡಿ ಮುಂದೆ ಪಾಳಿ ಹತ್ತುತ್ತದೆ. ಇಲಾಖೆ ಯೂರಿಯಾ ದಾಸ್ತಾನು ಎಷ್ಟು ಟನ್ ಇದೆ ಎಂದು ಹೇಳುತ್ತದೆ. ಆದರೆ ಮಳೆ ನಂಬಿ ಗೋಧಿ ಬಿತ್ತುವವನಿಗೆ ಆ ಯೂರಿಯಾದಿಂದ ಆಗುವ ಉಪಕಾರ ಕಡಿಮೆ.

ಮಳೆ ನಂಬಿದ ಎರೆ ಹೊಲದ ಗೋಧಿ ನೆಲದಲ್ಲಿ ಉಳಿದ ತೇವದ ಮೇಲೆಯೇ ಬದುಕುತ್ತದೆ. ಬಿತ್ತಿದ ಮೇಲೆ ಮಳೆಯಾಗದಿದ್ದರೆ ಮೇಲ್ಮಣ್ಣು ಒಣಗುತ್ತದೆ, ಎರಚಿದ ಯೂರಿಯಾ ಬೇರಿನವರೆಗೆ ಇಳಿಯುವುದಿಲ್ಲ. ಸುಣ್ಣದಂಶದ ಮಣ್ಣಿನಲ್ಲಿ ಅದರ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ವರ್ಷ ವರ್ಷ ಕೊಟ್ಟಿಗೆ ಗೊಬ್ಬರ ಕಂಡ ಹೊಲ ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಒಣಬೇಸಾಯಕ್ಕೆ ಮೊದಲು ಬೇಕಾದದ್ದು ಈ ತೇವವೇ.

ಆದರೆ ಆ ಗೊಬ್ಬರ ಎಲ್ಲಿಂದ ತರುವುದು? 45 ಕೆಜಿ ಯೂರಿಯಾ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕವಿದೆ. ಅಷ್ಟೇ ಸಾರಜನಕಕ್ಕೆ ಸುಮಾರು 4 ಟನ್ ಕೊಟ್ಟಿಗೆ ಗೊಬ್ಬರ ಬೇಕು, ಅದರಲ್ಲೂ ಮೊದಲ ವರ್ಷ ಬೆಳೆಗೆ ದಕ್ಕುವುದು ಸ್ವಲ್ಪವೇ. ಎತ್ತು ಮಾರಿದ ಮನೆಗಳಲ್ಲಿ ತಿಪ್ಪೆಯೇ ಇಲ್ಲ. ಚೀಲವನ್ನು ಸುಮಾರು 266 ರೂಪಾಯಿಗೆ ಕೊಟ್ಟು ಉಳಿದದ್ದನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ತರಿಸಿದರೆ ಪೂರ್ತಿ ಹಣ ರೈತನ ಕಿಸೆಯಿಂದಲೇ. ಹೀಗಿರುವಾಗ ಸಾವಯವಕ್ಕೆ ಬನ್ನಿ ಎಂದು ಭಾಷಣ ಮಾಡುವುದು ಅನ್ಯಾಯ.

ನೆರೆಯ ಆಂಧ್ರವನ್ನು ನೋಡಿ, ಅಲ್ಲಿ ಎರಡೂ ದಾರಿಗಳಿವೆ. ವಿಶಾಖಪಟ್ಟಣದಲ್ಲಿ 1960ರ ದಶಕದಿಂದ ಕೋರಮಂಡಲ್ ಕಾರ್ಖಾನೆ ರಾಸಾಯನಿಕ ಗೊಬ್ಬರ ಮಾಡುತ್ತಿದೆ. ಅದಕ್ಕೆ ಬೇಕಾದ ರಂಜಕದ ಶಿಲೆ ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಅದೇ ರಾಜ್ಯದಲ್ಲಿ, ವಿಜಯವಾಡಕ್ಕೆ ಹತ್ತಿರದ ಗುಂಟೂರಿನಿಂದ ಆಂಧ್ರ ಸರ್ಕಾರದ ರೈತು ಸಾಧಿಕಾರ ಸಂಸ್ಥೆ ನೈಸರ್ಗಿಕ ಕೃಷಿ ಕಾರ್ಯಕ್ರಮ ನಡೆಸುತ್ತಿದೆ. 2024ರೊಳಗೆ 60 ಲಕ್ಷ ರೈತರನ್ನು ತಲುಪುವುದಾಗಿ ಅಲ್ಲಿನ ಸರ್ಕಾರ 2018ರಲ್ಲಿ ಘೋಷಿಸಿತ್ತು, ಆ ಗುರಿ ಮುಟ್ಟಲಿಲ್ಲ. ಬರೀ ಜೀವಾಮೃತವೆಂಬ ಸಗಣಿ-ಗಂಜಲದ ದ್ರಾವಣ ಸುರಿದರೆ ಗೋಧಿಗೆ ಬೇಕಾದಷ್ಟು ಸಾರಜನಕ ಸಿಕ್ಕೀತೆಂದು ನಾನೂ ನಂಬುವುದಿಲ್ಲ. ಆದರೂ ಅವರಿಂದ ಕಲಿಯುವುದಿದೆ. ಅಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೆಲಸದ ಮುಂದಾಳುಗಳು, ಮಾಡಿ ನೋಡಿದ ರೈತರೇ ಬೇರೆ ರೈತರಿಗೆ ಕಲಿಸುತ್ತಾರೆ, ಮುಂಗಾರಿಗೂ ಮೊದಲೇ ಹಲವು ಬಗೆಯ ಬೀಜ ಬಿತ್ತಿ ನೆಲ ಬರಿದಾಗದಂತೆ ನೋಡಿಕೊಳ್ಳುತ್ತಾರೆ.

ರಾಸಾಯನಿಕ ಗೊಬ್ಬರ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. 2021ರಲ್ಲಿ ಶ್ರೀಲಂಕಾ ಒಮ್ಮೆಲೇ ನಿಷೇಧ ಹೇರಿ, ಅದೇ ವರ್ಷ ಹಿಂತೆಗೆದುಕೊಳ್ಳಬೇಕಾಯಿತು. ಅಷ್ಟರಲ್ಲಿ ಪೆಟ್ಟು ತಿಂದವರು ಅಲ್ಲಿನ ರೈತರು. ತೇವ ನೋಡಿ, ಬಿತ್ತುವಾಗಲೇ ಬೀಜದ ಕೆಳಗೆ ಇಟ್ಟ ಸ್ವಲ್ಪ ಗೊಬ್ಬರ ನಮಗೂ ಬೇಕು.

ನನ್ನ ಬೇಡಿಕೆ ಇಷ್ಟೇ. ಹಿಂಗಾರಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದ, ಹಸಿರೆಲೆ ಗೊಬ್ಬರ ಬೆಳೆದು ಮಗ್ಗಿಸಿದ ರೈತನಿಗೆ ಎಕರೆಗಿಷ್ಟೆಂದು ನೇರ ನೆರವು ಕೊಡಿ. ಡಿಡಿಕೆ-1025, ಡಿಡಿಕೆ-1029ರಂಥ ಜವೆ ಗೋಧಿ ತಳಿ ಕೊಟ್ಟ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ, ಎರಡೂ ಬಗೆಯ ಗೊಬ್ಬರವನ್ನು ನೀರಾವರಿ ಇಲ್ಲದ ನಮ್ಮ ಹೊಲಗಳಲ್ಲೇ ಹಲವು ವರ್ಷ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಹೇಳಲು ಹಣ ಒದಗಿಸಿ. ಮುಂದಿನ ಬಜೆಟ್ಟಿನಲ್ಲೇ ಇದಕ್ಕೆ ಜಾಗವಾಗಲಿ ಎಂದು ಕೋರುತ್ತೇನೆ.

ಇಂತಿ,
ವಿಜಯಪುರ ಜಿಲ್ಲೆಯ ಒಬ್ಬ ಒಣಬೇಸಾಯದ ರೈತ